ಪುಸ್ತಕದ ‘ಎರಡನೆಯ ದಿನ’ ಯಾವ ವಾರ ಬರುತ್ತದೆ?

ರೋಮ್‌ಗೆ ಮೊದಲ ಸಲ ಐದು ದಿನಗಳ ಮಟ್ಟಿಗೆ ಹೊರಟಿದ್ದೇನೆ, ಕೊಂಡಿರುವ ಮಾರ್ಗದರ್ಶಿ ಪುಸ್ತಕದಲ್ಲಿ ಐದು ದಿನಗಳ ಕಾರ್ಯಕ್ರಮ ಸಿದ್ಧವಾಗಿಯೇ ಇದೆ, ಅದನ್ನು ಹಾಗೆಯೇ ಅನುಸರಿಸಿದರೆ ಸಾಕೇ ಅಥವಾ ಪುಸ್ತಕವನ್ನು ಬದಿಗಿಟ್ಟು ಮೊಬೈಲನ್ನೇ ನಂಬಬೇಕೇ ಎಂದು ಕೇಳಿದ್ದೀರಿ. 2018ರ ಅಕ್ಟೋಬರಿನಲ್ಲಿ ಇದೇ ಪ್ರಶ್ನೆ ನನ್ನದಾಗಿತ್ತು. ಊರು ಮಾತ್ರ ಪ್ಯಾರಿಸ್.

ಜೊತೆಗೆ ಬಂದವರು ನನ್ನ ತಂದೆ. ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಅವರಿಗೆ ಆ ಊರಿನಲ್ಲಿ ನೋಡಬೇಕಾಗಿದ್ದುದು ಮೂರೇ ಜಾಗ: ಪ್ರಸಿದ್ಧ ಕಲಾ ವಸ್ತುಸಂಗ್ರಹಾಲಯ ಲೂವ್ರ್, ಹಳೆಯ ರೈಲು ನಿಲ್ದಾಣವನ್ನೇ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದ ಓರ್ಸೆ ಮತ್ತು ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಯ ನೈದಿಲೆಯ ಚಿತ್ರಗಳಿರುವ ಓರಾಂಜರಿ. ಮೊದಲ ಮಹಾಯುದ್ಧ ಮುಗಿದಾಗ ಮೊನೆ ತನ್ನ ದೇಶಕ್ಕೆ ಕಾಣಿಕೆಯಾಗಿ ಕೊಡಲು ಮುಂದಾದ ಆ ಬೃಹತ್ ಚಿತ್ರಗಳು, ಆತ ತೀರಿಕೊಂಡ ಮರುವರ್ಷ, ಅಂದರೆ 1927ರಲ್ಲಿ, ಎರಡು ಅಂಡಾಕಾರದ ಕೋಣೆಗಳಲ್ಲಿ ಜನರ ನೋಟಕ್ಕೆ ತೆರೆದವು. ತಂದೆಯವರು ಅವುಗಳನ್ನು ಅಂಗೈಯಗಲದ ಅಚ್ಚಿನ ಪ್ರತಿಗಳಲ್ಲಿ ಮಾತ್ರ ನೋಡಿದ್ದರು.

ನಮಗಿದ್ದುದು ಮೂರು ಪೂರ್ಣ ದಿನಗಳು. ಪುಸ್ತಕದಲ್ಲಿಯೂ ಮೂರು ದಿನಗಳ ಕಾರ್ಯಕ್ರಮವೊಂದಿತ್ತು. ಮೊದಲನೆಯ ದಿನ ಸೇನ್ ನದಿಯ ಎಡದಂಡೆಯ ಓರ್ಸೆ ಮತ್ತು ಲಕ್ಸೆಂಬರ್ಗ್ ಉದ್ಯಾನ, ಎರಡನೆಯ ದಿನ ಬಲದಂಡೆಯ ಲೂವ್ರ್, ಟ್ಯುಲರಿ ಉದ್ಯಾನ ಮತ್ತು ಅದರ ತುದಿಯಲ್ಲಿರುವ ಓರಾಂಜರಿ, ಮೂರನೆಯ ದಿನ ಊರಾಚೆಯ ವರ್ಸೇಲ್ಸ್ ಅರಮನೆ. ನಕ್ಷೆ ಹಿಡಿದು ನೋಡಿದರೆ ಇದರಲ್ಲಿ ಒಂದು ಹೆಜ್ಜೆಯೂ ವ್ಯರ್ಥವಾಗುತ್ತಿರಲಿಲ್ಲ. ಅದನ್ನು ನಾನು ಅಂದವಾದ ಅಕ್ಷರಗಳಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ವರ್ಸೇಲ್ಸ್‌ನ ಟಿಕೆಟ್‌ಗಳನ್ನು ಮುಂಗಡವಾಗಿ ಕೊಂಡೆ, ಇನ್ನು ಯೋಚಿಸುವುದು ಏನೂ ಉಳಿದಿಲ್ಲವೆಂದು ನಂಬಿದೆ.

ನಾವು ತಲುಪಿದ್ದು ಭಾನುವಾರ ಸಂಜೆ. ಹಾಗಾಗಿ ಪುಸ್ತಕದ ಮೊದಲನೆಯ ದಿನ ಸೋಮವಾರವಾಯಿತು, ಎರಡನೆಯದು ಮಂಗಳವಾರ. ಓರ್ಸೆಗೆ ಸೋಮವಾರ ರಜೆ. ಲೂವ್ರ್ ಮತ್ತು ಓರಾಂಜರಿ ಎರಡಕ್ಕೂ ಮಂಗಳವಾರ ರಜೆ.

ಈ ಸಂಗತಿಯನ್ನು ಪುಸ್ತಕ ಮುಚ್ಚಿಟ್ಟಿರಲಿಲ್ಲ. ಪ್ರತಿಯೊಂದು ಜಾಗದ ವಿವರಣೆಯ ಕೊನೆಯಲ್ಲಿ, ವಿಳಾಸ ಮತ್ತು ಮೆಟ್ರೋ ನಿಲ್ದಾಣದ ಹೆಸರಿನ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ ರಜೆಯ ವಾರವೂ ಇತ್ತು, ಅದನ್ನು ನಾನು ಓದಿಯೂ ಇದ್ದೆ. ಓದಿಯೂ ಅದು ತಲೆಯಲ್ಲಿ ನಿಲ್ಲದಿರಲು ಕಾರಣವೇನೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ‘ಮಂಗಳವಾರ’ ಎಂಬ ಪದವೇ ಇರಲಿಲ್ಲ, ಇದ್ದುದು ‘ಎರಡನೆಯ ದಿನ’. ಮಂಗಳವಾರ ಲೂವ್ರ್ ಮುಚ್ಚಿರುತ್ತದೆ ಎಂಬುದೂ ಎರಡನೆಯ ದಿನ ಲೂವ್ರ್‌ಗೆ ಹೋಗುತ್ತೇವೆ ಎಂಬುದೂ ನನಗೆ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳು ಒಂದನ್ನೊಂದು ಸಂಧಿಸುವ ಜಾಗ ಮಾತ್ರ ಯಾವ ಹಾಳೆಯ ಮೇಲೂ ಇರಲಿಲ್ಲ. ಪುಸ್ತಕ ಬರೆದವರಿಗೆ ನಾವು ಯಾವ ವಾರ ವಿಮಾನದಿಂದ ಇಳಿಯುತ್ತೇವೆಂದು ಗೊತ್ತಿರುವುದು ಸಾಧ್ಯವಿಲ್ಲದ್ದರಿಂದ ಅವರು ದಿನಗಳಿಗೆ ಬರಿಯ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯ ಎದುರಿಗೆ ವಾರದ ಹೆಸರು ಬರೆಯುವ ಕೆಲಸ ಓದುಗನದು. ಅರ್ಧ ನಿಮಿಷದ ಆ ಕೆಲಸವನ್ನು ನಾನು ಮಾಡಲಿಲ್ಲ.

ಮಾಡಿದ್ದರೆ ಪರಿಹಾರವೂ ಅಲ್ಲೇ ಕಾಣುತ್ತಿತ್ತು. ಮೊದಲ ಎರಡು ದಿನಗಳನ್ನು ಅದಲುಬದಲು ಮಾಡಿದ್ದರೆ ಸಾಕಾಗಿತ್ತು: ಸೋಮವಾರ ಲೂವ್ರ್ ಮತ್ತು ಓರಾಂಜರಿ ಎರಡೂ ತೆರೆದಿರುತ್ತವೆ, ಮಂಗಳವಾರ ಓರ್ಸೆ ತೆರೆದಿರುತ್ತದೆ, ಬುಧವಾರದ ವರ್ಸೇಲ್ಸ್ ಇದ್ದಲ್ಲಿಯೇ ಇರುತ್ತದೆ. ಸೋಮವಾರ ಬೆಳಿಗ್ಗೆ ಮುಚ್ಚಿದ ಓರ್ಸೆಯ ಎದುರು ನಾನು ತಂದೆಯವರಿಗೆ ಸಮಾಧಾನ ಹೇಳುತ್ತಿದ್ದಾಗಲೂ ಕೆಲಸ ಕೆಟ್ಟಿರಲಿಲ್ಲ, ಏಕೆಂದರೆ ನದಿಯ ಆಚೆ ದಡದಲ್ಲಿಯೇ ಲೂವ್ರ್ ತೆರೆದಿತ್ತು, ಸೇತುವೆ ದಾಟಿ ನಡೆದುಕೊಂಡೇ ಹೋಗಬಹುದಿತ್ತು. ಆದರೆ ಅದು ‘ನಾಳೆಯದು’ ಎಂದು ನೋಟ್‌ಬುಕ್ಕು ಹೇಳುತ್ತಿತ್ತು. ನಾವು ಲಕ್ಸೆಂಬರ್ಗ್ ಉದ್ಯಾನದ ಕುರ್ಚಿಗಳಲ್ಲಿ ದಿನ ಕಳೆದೆವು. ಮರುದಿನ ಲೂವ್ರ್‌ನ ಗಾಜಿನ ಪಿರಮಿಡ್ಡಿನ ಅಂಗಳದಲ್ಲಿ ಸಾಲೇ ಇಲ್ಲದಿರುವುದನ್ನು ಕಂಡು ಬೇಗ ಬಂದೆವೆಂದು ಸಂತೋಷಪಟ್ಟ ನನಗೆ, ಬಾಗಿಲ ಬಳಿಯ ಫಲಕವನ್ನು ಓದಿದ ಮೇಲೆ ತಂದೆಯವರ ಮುಖ ನೋಡುವ ಧೈರ್ಯವಾಗಲಿಲ್ಲ.

ಬುಧವಾರ ಉಳಿಯಿತು. ವರ್ಸೇಲ್ಸ್‌ನ ಹಣ ಹೋದರೆ ಹೋಗಲಿ, ನೈದಿಲೆ ನೋಡೋಣ ಎಂದು ತಂದೆಯವರೇ ನಿರ್ಧರಿಸಿದರು. ಓರಾಂಜರಿಯ ಎರಡು ಕೋಣೆಗಳಲ್ಲಿ ನಾವು ಹೆಚ್ಚುಕಡಿಮೆ ಇಡೀ ಬೆಳಗನ್ನು ಕಳೆದೆವು. ಮೇಲಿನಿಂದ ಹಗಲಿನ ಬೆಳಕೇ ಇಳಿದುಬರುವ ಆ ಕೋಣೆಯಲ್ಲಿ ಅವರು ಮೊದಲು ಚಿತ್ರದ ಹತ್ತಿರ ನಿಂತು, ಬಣ್ಣ ಗಟ್ಟಿಯಾಗಿ ಕೂತಿದ್ದ ಗೀರುಗಳನ್ನು ಓರೆಯಾಗಿ ಬಾಗಿ ನೋಡಿದರು, ಅನಂತರ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ, ಆ ಗೀರುಗಳೆಲ್ಲ ಕೂಡಿ ನೀರಾಗುವ ಜಾಗ ಸಿಕ್ಕಿದಾಗ ನಿಂತುಬಿಟ್ಟರು. ಅವರ ಬಲಗೈಯ ಮಣಿಕಟ್ಟು, ಕುಂಚ ಹಿಡಿದವರಂತೆ, ತಾನಾಗಿಯೇ ಸಣ್ಣಗೆ ತಿರುಗುತ್ತಿತ್ತು. ಮಧ್ಯಾಹ್ನ ಸೇತುವೆ ದಾಟಿ ಓರ್ಸೆಗೆ ಹೋದೆವು, ಸಂಜೆ ಬಾಗಿಲು ಮುಚ್ಚುವವರೆಗೂ ಇದ್ದೆವು. ಲೂವ್ರ್ ಉಳಿದೇಹೋಯಿತು. ಆ ಕಾಲದಲ್ಲಿ ಬುಧವಾರ ಲೂವ್ರ್ ರಾತ್ರಿ 9.45ರವರೆಗೆ ತೆರೆದಿರುತ್ತಿತ್ತು ಎಂಬುದನ್ನು ನಾನು ಓದಿದ್ದು ಮರಳುವ ವಿಮಾನದಲ್ಲಿ, ಅದೇ ಪುಸ್ತಕದ ಅದೇ ಸಣ್ಣ ಅಕ್ಷರಗಳಲ್ಲಿ. ಮಂಗಳವಾರದ ಸಿಟ್ಟಿನಲ್ಲಿ ಅದನ್ನು ಚೀಲದ ತಳಕ್ಕೆ ತುರುಕಿ, ಮತ್ತೆ ತೆರೆದೇ ಇರಲಿಲ್ಲ.

ಆದ್ದರಿಂದ ಪುಸ್ತಕವೋ ಮೊಬೈಲೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎರಡೂ ಬೇಕು, ಎರಡರ ಕೆಲಸವೂ ಬೇರೆ. ಒಂದು ಬಡಾವಣೆ ಹೇಗೆ ಬೆಳೆಯಿತು, ಯಾವ ಜಾಗದ ಪಕ್ಕದಲ್ಲಿ ಯಾವುದಿದೆ, ಒಂದು ಕಟ್ಟಡದ ಮುಂದೆ ನಿಂತಾಗ ಏನನ್ನು ಗಮನಿಸಬೇಕು ಎಂಬುದನ್ನು ಒಳ್ಳೆಯ ಪುಸ್ತಕ ಹೇಳುವಷ್ಟು ಚೆನ್ನಾಗಿ ಬೇರೇನೂ ಹೇಳುವುದಿಲ್ಲ, ಆ ಪುಟಗಳು ಬೇಗ ಹಳತಾಗುವುದೂ ಇಲ್ಲ. ಸಮಯ, ದರ, ರಜೆ ಮತ್ತು ದುರಸ್ತಿಯ ವಿಷಯದಲ್ಲಿ ಮಾತ್ರ ಅಚ್ಚಾದ ಪುಟವನ್ನು ಕೊನೆಯ ಮಾತೆಂದು ತೆಗೆದುಕೊಳ್ಳಬೇಡಿ. ನಾವು ಹೋಗಿಬಂದ ಕೆಲವೇ ತಿಂಗಳಿಗೆ, 2019ರ ಏಪ್ರಿಲ್‌ನಲ್ಲಿ, ಪ್ಯಾರಿಸ್‌ನ ಹಳೆಯ ಚರ್ಚು ನೋತ್ರ್ ದಾಮ್‌ಗೆ ಬೆಂಕಿ ಬಿದ್ದು ಅದು 2024ರ ಡಿಸೆಂಬರ್‌ವರೆಗೆ ಮುಚ್ಚಿತ್ತು. ಪುಸ್ತಕದಲ್ಲಿ ಅದರ ಪುಟ ಎಷ್ಟು ಚೆನ್ನಾಗಿದ್ದರೂ ಒಳಗೆ ಹೋಗುವಂತಿರಲಿಲ್ಲ. ಪ್ರತಿಯೊಂದು ಜಾಗದ ಅಧಿಕೃತ ಜಾಲತಾಣವನ್ನು ಹೊರಡುವ ಮುನ್ನ ಒಮ್ಮೆ, ಹೋಗುವ ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ.

ಸಿದ್ಧ ಕಾರ್ಯಕ್ರಮವನ್ನು ಹಾಗೆಯೇ ಅನುಸರಿಸುವುದು ಬೇಡವೇ ಬೇಡ. ಐದು ದಿನಗಳಲ್ಲಿ ಎಲ್ಲವನ್ನೂ ನೋಡಬೇಕೆಂಬ ಆಸೆಯನ್ನು ಅದು ಹುಟ್ಟಿಸುತ್ತದೆ, ಅದರಲ್ಲಿರುವ ನಕ್ಷತ್ರದ ಗುರುತುಗಳು ಬರೆದವರ ರುಚಿಯೇ ಹೊರತು ನಿಮ್ಮದಲ್ಲ. ಪುಸ್ತಕವನ್ನು ಮೂರು ವಾರ ಮೊದಲೇ ಓದಿ, ನೋಡದೆ ಬಂದರೆ ನಿಜವಾಗಿಯೂ ಸಂಕಟವಾಗುವ ಜಾಗಗಳನ್ನು ಮಾತ್ರ ಆರಿಸಿಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ತಾರೀಖು, ಅದರ ಮುಂದೆ ವಾರದ ಹೆಸರು, ಅದರ ಮುಂದೆ ಆ ವಾರ ಮುಚ್ಚಿರುವ ಜಾಗಗಳನ್ನು ಬರೆದು, ಉಳಿದದ್ದರಲ್ಲಿ ದಿನಕ್ಕೆ ಒಂದೇ ದೊಡ್ಡ ಜಾಗವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಮಧ್ಯಾಹ್ನವನ್ನು ಖಾಲಿ ಬಿಡಿ. ನಮಗೆ ಹಾಗೆ ಒಂದೇ ಒಂದು ಖಾಲಿ ಮಧ್ಯಾಹ್ನವಿದ್ದಿದ್ದರೆ ಲೂವ್ರ್ ತಪ್ಪುತ್ತಿರಲಿಲ್ಲ.

ರೋಮ್‌ನಲ್ಲಿಯೂ ಇಂಥ ಗಂಟುಗಳಿವೆ. ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ಉಳಿದ ಭಾನುವಾರಗಳಂದು ಮುಚ್ಚಿರುತ್ತವೆ. ಆ ಕೊನೆಯ ಭಾನುವಾರ ಪ್ರವೇಶ ಉಚಿತವಾದ್ದರಿಂದ ಜನಸಂದಣಿ ವಿಪರೀತವಾಗಿರುತ್ತದೆ. ಬೋರ್ಗೇಸೆ ಗ್ಯಾಲರಿಗೆ ಸೋಮವಾರ ರಜೆ. ಉಳಿದ ದಿನಗಳಲ್ಲಿಯೂ ಮುಂಗಡವಾಗಿ ಗೊತ್ತುಮಾಡಿಕೊಂಡ ಎರಡು ಗಂಟೆಗಳ ಅವಧಿಗೆ ಮಾತ್ರ ಒಳಗೆ ಬಿಡುತ್ತಾರೆ, ಆದ್ದರಿಂದ ಮೊದಲು ಅದರ ಟಿಕೆಟ್ ಕೊಂಡು ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಕೊಲೋಸಿಯಂ, ಪ್ರಾಚೀನ ರೋಮ್‌ನ ಚೌಕವಾಗಿದ್ದ ಫೋರಂ ಮತ್ತು ಪ್ಯಾಲಟೈನ್ ಗುಡ್ಡ ಒಂದಕ್ಕೊಂದು ಅಂಟಿಕೊಂಡಿದ್ದು ಒಂದೇ ಟಿಕೆಟ್ಟಿನಲ್ಲಿ ಸೇರುವುದರಿಂದ ಅವುಗಳನ್ನು ಬೇರೆ ಬೇರೆ ದಿನಗಳಿಗೆ ಹಂಚುವ ಅಗತ್ಯವಿಲ್ಲ.

ನೀವು ರೋಮ್ ತಲುಪುವುದು ಯಾವ ವಾರ ಎಂಬುದನ್ನು ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನೂ ಪುಸ್ತಕದ ಐದು ದಿನಗಳ ಪಟ್ಟಿಯನ್ನೂ ಇಲ್ಲಿ ತಿಳಿಸಿದರೆ, ಯಾವುದನ್ನು ಯಾವುದರೊಡನೆ ಅದಲುಬದಲು ಮಾಡಬೇಕೆಂದು ಕೂತು ನೋಡಿ ಹೇಳುತ್ತೇನೆ.