ಸಣ್ಣ ಖಾಸಗಿ ಯೂನಿವರ್ಸಿಟಿಗೆ ಮಗಳನ್ನು ಸೇರಿಸಬಹುದಾ?

ಬೆಂಗಳೂರಿನ ಹೊರವಲಯದ ಒಂದು ಸಣ್ಣ ಖಾಸಗಿ ಯೂನಿವರ್ಸಿಟಿಯಲ್ಲಿ ಮಗಳಿಗೆ ಬಿಎಸ್ಸಿ ಸೀಟು ಸಿಕ್ಕಿದೆ, ಸೇರಿಸೋದಾ ಬೇಡವಾ ಅಂತ ಕೇಳಿದ್ದೀರಿ. ನನ್ನ ಮಗಳು ಅಂಥದ್ದೇ ಒಂದು ಕಡೆ ಮೂರನೇ ವರ್ಷದಲ್ಲಿದ್ದಾಳೆ. ನಾವು ತಿಪಟೂರಿನವರು. ತುಮಕೂರಿನಲ್ಲೇ ಓದಲಿ ಅಂತ ನಮ್ಮ ಯಜಮಾನರಿಗೆ ಇತ್ತು. ನಾನೇ ಹಟ ಮಾಡಿ ಸೇರಿಸಿದೆ.

ಮೊದಲ ಸೆಮಿಸ್ಟರಿನಲ್ಲಿ ಅವಳು ಮೂರು ದಿನ ಕ್ಲಾಸಿಗೇ ಹೋಗಿರಲಿಲ್ಲ. ನಮಗೆ ಗೊತ್ತೇ ಇಲ್ಲ. ನಾಲ್ಕನೇ ದಿನ ಕೆಮಿಸ್ಟ್ರಿ ಮೇಡಂ ಹಾಸ್ಟೆಲ್ಲಿಗೆ ಹೋಗಿ ರೂಮಿನ ಬಾಗಿಲು ತಟ್ಟಿದ್ದಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವಳು, ಪಿಯುಸಿಯಲ್ಲಿ ನೋಟ್ಸ್ ಬಾಯಿಪಾಠ ಮಾಡಿ ಪಾಸಾಗಿದ್ದಳು. ಇಲ್ಲಿ ಪಾಠ ತಲೆಗೆ ಹತ್ತದೆ ಅಳುತ್ತಾ ಕೂತಿದ್ದಳಂತೆ. ಆಮೇಲೆ ಎರಡು ತಿಂಗಳು, ವಾರಕ್ಕೆರಡು ಸಂಜೆ, ಮೇಡಂ ಅವಳಿಗೆ ಕನ್ನಡದಲ್ಲೇ ಹೇಳಿಕೊಟ್ಟರು. ರಜೆಗೆ ಬಂದಾಗ ಅವಳ ಲ್ಯಾಬ್ ರೆಕಾರ್ಡ್ ತೆಗೆದು ನೋಡಿದೆ. ಪುಟಪುಟದಲ್ಲೂ ಹಸಿರು ಇಂಕಿನ ಬರಹ. ದ್ರವ ಅಳೆಯುವ ಬ್ಯೂರೆಟ್ ಕೊಳವೆಯ ಚಿತ್ರದ ಪಕ್ಕದಲ್ಲಿ 'ರೀಡಿಂಗ್ ತಗೊಳ್ಳುವಾಗ ಬಗ್ಗು, ಕಣ್ಣು ಗೆರೆಯ ನೇರಕ್ಕೆ ಬರಲಿ' ಅಂತ ಕನ್ನಡದಲ್ಲಿ ಬರೆದಿದ್ದರು. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಕ್ಲಾಸಿನಲ್ಲಿ ಇದ್ದದ್ದೇ 28 ಮಕ್ಕಳು. ನೂರಿಪ್ಪತ್ತು ಜನ ಕೂರುವ ಕಡೆ ಒಬ್ಬಳು ಬರದಿದ್ದರೆ ಯಾರಿಗೆ ಗೊತ್ತಾಗುತ್ತೆ ಹೇಳಿ?

ಆದರೆ ಸಣ್ಣ ಜಾಗದ ಕಷ್ಟವೂ ಇದೆ. ಎರಡನೇ ವರ್ಷ ಫಿಸಿಕ್ಸ್ ಸರ್ ಮಧ್ಯದಲ್ಲೇ ಕೆಲಸ ಬಿಟ್ಟರು. ಬೇರೆಯವರು ಬರುವವರೆಗೆ ಆರು ವಾರ ಅವರ ಪೇಪರಿನ ಪಾಠವೇ ಇಲ್ಲ, ಏಕೆಂದರೆ ಆ ವಿಷಯಕ್ಕೆ ಇದ್ದವರೇ ಇಬ್ಬರು. ಅವಳು ಆಸೆಪಟ್ಟ ಸ್ಟ್ಯಾಟಿಸ್ಟಿಕ್ಸ್ ಪೇಪರನ್ನು ನಾಲ್ಕೇ ಜನ ತಗೊಂಡಿದ್ದಾರೆ ಅಂತ ರದ್ದು ಮಾಡಿದರು. ಕ್ಯಾಂಪಸ್‌ಗೆ ಬರುವ ಕಂಪನಿಗಳೂ ಕಡಿಮೆ. ಫೀಸಂತೂ ಜಾಸ್ತಿಯೇ, ನಾವು ಲೋನ್ ತೆಗೆದಿದ್ದೇವೆ.

ದುಡ್ಡು ಕಟ್ಟುವ ಮುಂಚೆ ಯುಜಿಸಿ (ಯೂನಿವರ್ಸಿಟಿಗಳ ಮೇಲ್ವಿಚಾರಣೆ ನೋಡುವ ಕೇಂದ್ರದ ಸಂಸ್ಥೆ) ವೆಬ್‌ಸೈಟಿನ ಪಟ್ಟಿಯಲ್ಲಿ ಆ ಯೂನಿವರ್ಸಿಟಿಯ ಹೆಸರಿದೆಯಾ ನೋಡಿ. ನಕಲಿ ಯೂನಿವರ್ಸಿಟಿಗಳ ಪಟ್ಟಿಯೂ ಅಲ್ಲೇ ಇದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಬಿಟ್ಟು ಬರಬೇಡಿ. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪರಿಶೀಲಿಸಿ ವಾಪಸ್ ಕೊಡಬೇಕು. ಮುಂದಿನ ವರ್ಷಗಳ ಫೀಸನ್ನು ಈಗಲೇ ಕಟ್ಟಿ ಅನ್ನುವಂತೆಯೂ ಇಲ್ಲ.

ಇನ್ನೊಂದು ಮಾತು. ಖಾಸಗಿ ಯೂನಿವರ್ಸಿಟಿಯಲ್ಲಿ ಸಾಮಾನ್ಯವಾಗಿ ಪಾಠ ಮಾಡುವವರೇ ಪ್ರಶ್ನೆ ಪತ್ರಿಕೆ ತೆಗೆಯುತ್ತಾರೆ, ಅವರೇ ತಿದ್ದುತ್ತಾರೆ. ಹಾಗಾಗಿ ಓದು ಹೇಗಿರುತ್ತೆ ಅನ್ನೋದು ಪಾಠ ಮಾಡುವವರ ಮೇಲೇ ನಿಂತಿರುತ್ತೆ. ಅದಕ್ಕೇ ಬಿಲ್ಡಿಂಗ್, ಬ್ರೋಷರ್ ನೋಡಿ ತೀರ್ಮಾನ ಮಾಡಬೇಡಿ. ಯಾವುದಾದರೂ ಕೆಲಸದ ದಿನ ಮಗಳ ಜೊತೆ ಹೋಗಿ. ಕ್ಯಾಂಟೀನಿನಲ್ಲಿ ಸುಮ್ನೆ ಕೂತು ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಹೋದ ವರ್ಷ ಪಾಠ ಮಾಡಿದವರಲ್ಲಿ ಎಷ್ಟು ಜನ ಈಗಲೂ ಇದ್ದಾರೆ ಅಂತ ಕೇಳಿ. ನನ್ನ ಮಗಳ ಕೆಮಿಸ್ಟ್ರಿ ಮೇಡಂ ಇನ್ನೂ ಅಲ್ಲೇ ಇದ್ದಾರೆ. ಅವರು ಮೊದಲ ವರ್ಷವೇ ಬಿಟ್ಟು ಹೋಗಿದ್ದರೆ, ಬೇಡ ಅಂತಲೇ ಬರೆಯುತ್ತಿದ್ದೆನೇನೋ.