ನಮ್ಮ ನಾಯಿಗೆ ಸುರ್ರಾ ಅಂದರು. ಅದರ ಪಕ್ಕದಲ್ಲೇ ಕಟ್ಟುವ ಹಸು ಚೆನ್ನಾಗೇ ಇದೆ. ಹಾಗಾದರೆ ರೋಗ ಎಲ್ಲಿಂದ ಬಂತು?

ನಾನು ಹಾಸನ ಜಿಲ್ಲೆಯ ಆಲೂರು ಕಡೆ ದನದ ಡಾಕ್ಟರ್. ‘ಹಸು ಚೆನ್ನಾಗೇ ಇದೆ’ ಅಂದಿದ್ದೀರಲ್ಲ, ನನಗೆ ಅನುಮಾನ ಇರುವುದೇ ಆ ಹಸುವಿನ ಮೇಲೆ.

ಸುರ್ರಾ ತರುವುದು ಟ್ರಿಪನೊಸೋಮಾ ಇವಾನ್ಸಿ ಅನ್ನುವ ಒಂದೇ ಕೋಶದ ಪರಾವಲಂಬಿ. ದನ, ಎಮ್ಮೆಗಳ ರಕ್ತದಲ್ಲಿ ಇದು ಎಷ್ಟೋ ಸಲ ತಿಂಗಳುಗಟ್ಟಲೆ ತೆಪ್ಪಗೆ ಇದ್ದುಬಿಡುತ್ತದೆ. ಹಸು ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ನಾಯಿಗೋ ಕುದುರೆಗೋ ಹೋದರೆ ಜೀವಕ್ಕೇ ಬರುತ್ತದೆ.

ದಾಟಿಸುವುದು ನೊಣ. ಮಳೆಗಾಲದಲ್ಲಿ ಕೊಟ್ಟಿಗೆಗೆ ಬರುತ್ತಲ್ವಾ, ದಪ್ಪ ಕಣ್ಣಿನ ದೊಡ್ಡ ನೊಣ? ಅದು ಚರ್ಮ ಕೊಯ್ದು ರಕ್ತ ಕುಡಿಯುತ್ತದೆ. ಉರಿ ತಾಳದೆ ಹಸು ಬಾಲ ಬೀಸುತ್ತದೆ. ಅರೆಹೊಟ್ಟೆಯಲ್ಲಿ ಎದ್ದ ನೊಣ ಪಕ್ಕದಲ್ಲಿ ಮಲಗಿದ ನಾಯಿಯ ಮೇಲೆ ಕೂರುತ್ತದೆ. ಬಾಯಿಗೆ ಅಂಟಿದ ಹಸಿ ರಕ್ತ ಅಷ್ಟೇ ಸಾಕು. ಮಲೇರಿಯಾದ್ದು ಸೊಳ್ಳೆಯ ಒಳಗೆ ಬೆಳೆಯುತ್ತದಲ್ಲ, ಇದಕ್ಕೆ ಹಾಗೆ ನೊಣದ ಒಳಗೆ ಬೆಳೆಯುವ ಕೆಲಸವೇ ಇಲ್ಲ. ಕಾಯಿಲೆ ಪ್ರಾಣಿಯ ಹಸಿಮಾಂಸ ತಿಂದರೂ ನಾಯಿಗೆ ಬರಬಹುದು.

ಈ ಪರಾವಲಂಬಿಯನ್ನು ಕಂಡುಹಿಡಿದ ಗ್ರಿಫಿತ್ ಇವಾನ್ಸ್ ಕೂಡ ಪಶುವೈದ್ಯರೇ. 1880ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್ ಊರಿನಲ್ಲಿ ಕುದುರೆ, ಒಂಟೆಗಳು ಸಾಯುತ್ತಿದ್ದಾಗ ಅವುಗಳ ರಕ್ತದಲ್ಲಿ ಇದನ್ನು ನೋಡಿದರು. ಮೇಲಿನವರು ಒಪ್ಪಲಿಲ್ಲ. ಯಾಕೆಂದರೆ ಅದಕ್ಕೆ ಸ್ವಲ್ಪ ಮೊದಲು ಟಿಮೊಥಿ ಲೂಯಿಸ್ ಅನ್ನುವ ಡಾಕ್ಟರ್ ಕಲ್ಕತ್ತೆಯಲ್ಲಿ ಇಲಿಗಳ ರಕ್ತದಲ್ಲಿ ಇಂಥದ್ದೇ ಜೀವಿ ಕಂಡಿದ್ದರು, ಆ ಇಲಿಗಳಿಗೆ ಏನೂ ಆಗಿರಲಿಲ್ಲ. ಇವಾನ್ಸ್ ಬಿಡಲಿಲ್ಲ. ಕಾಯಿಲೆ ಪ್ರಾಣಿಯ ರಕ್ತವನ್ನು ಗಟ್ಟಿಮುಟ್ಟಾದ ಪ್ರಾಣಿಗಳಿಗೆ ಚುಚ್ಚಿದರು. ಅವಕ್ಕೂ ರೋಗ ಬಂತು. ಆ ಹಟ ನನಗೆ ತುಂಬಾ ಇಷ್ಟ.

ನಾನು ಮೊದಲು ನೋಡಿದ್ದು ಒಂದು ನಾಯಿಯ ರಕ್ತದಲ್ಲಿ. ಅದರ ಎರಡೂ ಕಣ್ಣು ಹಾಲು ಹನಿಸಿದ ಹಾಗೆ ಬೆಳ್ಳಗಾಗಿದ್ದವು. ಕಿವಿಯಿಂದ ತೆಗೆದ ಹನಿಯನ್ನು ಬಣ್ಣ ಹಾಕದೆ ಹಾಗೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕೆಂಪು ಕಣಗಳೆಲ್ಲ ಸುಮ್ನೆ ಇದ್ದವು, ಒಂದು ಮೂಲೆಯಲ್ಲಿ ಮಾತ್ರ ಗದ್ದಲ. ತೆಳ್ಳಗಿನದೇನೋ ಹೊರಳಾಡುತ್ತಾ ಕಣಗಳನ್ನು ಆಚೆ ಈಚೆ ತಳ್ಳುತ್ತಿತ್ತು, ಗದ್ದೆಯ ನೀರಲ್ಲಿ ಸಿಕ್ಕಿಕೊಂಡ ಮೀನುಮರಿಯ ಹಾಗೆ.

ನಿಮ್ಮ ಹಸುವಿನ ರಕ್ತವನ್ನೂ ಪರೀಕ್ಷೆ ಮಾಡಿಸಿ. ಒಂದು ಸಲ ಸಿಗಲಿಲ್ಲ ಅಂತ ಬಿಡಬೇಡಿ. ಹಸುವಿನ ರೋಗನಿರೋಧಕ ಶಕ್ತಿಗೆ ಗುರುತು ಸಿಗದ ಹಾಗೆ ಈ ಪರಾವಲಂಬಿ ತನ್ನ ಮೈಮೇಲಿನ ಹೊದಿಕೆ ಬದಲಿಸುತ್ತಾ ಇರುತ್ತದೆ, ಅದಕ್ಕೇ ರಕ್ತದಲ್ಲಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಜ್ವರ ಇರುವ ದಿನ ತೆಗೆಸಿದರೆ ಸಿಗುವ ಸಾಧ್ಯತೆ ಜಾಸ್ತಿ.

ಮನೆಯವರಿಗೆ ಬರುತ್ತದೆ ಅಂತ ಗಾಬರಿ ಬೇಡ. ಇದನ್ನು ಕೊಲ್ಲುವ ಒಂದು ಪ್ರೋಟೀನ್ ನಮ್ಮ ರಕ್ತದಲ್ಲೇ ಇದೆ. 2004ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಒಬ್ಬ ರೈತರಿಗೆ ಬಂದಿತ್ತು. ಅವರ ರಕ್ತದಲ್ಲಿ ಆ ಪ್ರೋಟೀನೇ ಇರಲಿಲ್ಲ.

ನಾಯಿಗೆ ಔಷಧಿ ಇದೆ, ಡಾಕ್ಟರ್ ಕೈಯಲ್ಲೇ ಕೊಡಿಸಿ. ಇವತ್ತೇ ಅದನ್ನು ಕೊಟ್ಟಿಗೆಯಿಂದ ದೂರ ಕಟ್ಟಿ.