‘ಓಡಿಸಲಾಯಿತು’ ಅಂದರೆ ಯಾರು ಓಡಿಸಿದರು?

ನಮಸ್ಕಾರ,

ನೀವು ಕಳಿಸಿದ ‘ಸ್ಕಾಟ್ಲೆಂಡಿನ ಜನ, ಅವರ ಛಲ’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಹದವಾಗಿದೆ. ಗ್ಲಾಸ್ಗೋದ ಮಳೆಯಲ್ಲಿ ಬಸ್ಸಿಗೆ ಕಾಯುವ ಭಾಗ ಚೆನ್ನಾಗಿದೆ. ನೀವು ಬಾಡಿಗೆಗಿದ್ದ ಮನೆಯ ಯಜಮಾನಿ ತಮ್ಮ ಅಜ್ಜಿಯ ಬಗ್ಗೆ ಹೇಳಿದ ಮಾತು ನನಗೆ ಇಷ್ಟವಾಯಿತು. ಆದರೆ ಈಗಿರುವ ರೂಪದಲ್ಲಿ ಲೇಖನವನ್ನು ಹಾಕಿಕೊಳ್ಳಲು ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಿಲ್ಟು, ಬ್ಯಾಗ್‌ಪೈಪು, ವಿಸ್ಕಿ ಎಲ್ಲ ಹಾಗೇ ಇರಲಿ. ನನ್ನನ್ನು ಚುಚ್ಚಿದ್ದು ನಿಮ್ಮ ನಾಲ್ಕನೇ ಪುಟ. ಅಲ್ಲಿನ ಸಾಲುಗಳನ್ನೇ ಎತ್ತಿಕೊಳ್ಳುತ್ತೇನೆ.

‘1746ರಲ್ಲಿ ಕಲ್ಲೋಡನ್ ಮೈದಾನದಲ್ಲಿ ಇಂಗ್ಲಿಷರು ಸ್ಕಾಟಿಷ್ ಜನರ ಕನಸನ್ನು ಮಣ್ಣುಪಾಲು ಮಾಡಿದರು.’

ಇಂಗ್ಲಿಷರು ಅಂದರೆ ಯಾರು? ಅವತ್ತು ಏಪ್ರಿಲ್ 16. ಒಂದು ಗಂಟೆಯೂ ಹಿಡಿಯದ ಕಾಳಗ. ಒಂದು ಕಡೆ ಸ್ಟುವರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್, ಇನ್ನೊಂದು ಕಡೆ ಲಂಡನ್ನಿನ ದೊರೆಯ ಮಗ, ಕಂಬರ್ಲೆಂಡಿನ ಡ್ಯೂಕ್. ಜಗಳ ಇದ್ದದ್ದು ಸಿಂಹಾಸನ ಯಾವ ಮನೆತನಕ್ಕೆ ಸೇರಬೇಕು ಅಂತ. ಡ್ಯೂಕ್‌ನ ಸೈನ್ಯದಲ್ಲಿ ಸ್ಕಾಟ್ಲೆಂಡಿನದೇ ರಾಯಲ್ ಸ್ಕಾಟ್ಸ್ ದಳ ಇತ್ತು, ಅಲ್ಲಿನದೇ ಆರ್ಗೈಲ್ ಸೀಮೆಯ ಕ್ಯಾಂಪ್‌ಬೆಲ್ ಕುಲದವರು ಇದ್ದರು. ಸ್ಕಾಟ್ಲೆಂಡಿನ ಸಾಮಂತ, ಕಿಲ್ಮಾರ್ನಾಕ್‌ನ ಅರ್ಲ್ ರಾಜಕುಮಾರನ ಪರ ಹೋರಾಡಿ ಸೆರೆಸಿಕ್ಕ. ಅವನ ಸ್ವಂತ ಮಗ ಎದುರು ಸೈನ್ಯದಲ್ಲಿ ಅಧಿಕಾರಿ. ತಂದೆಯನ್ನು ಬರಿದಲೆಯಲ್ಲಿ ಎಳೆದು ತರುತ್ತಿರುವುದನ್ನು ಕಂಡ ಮಗ ಸಾಲು ಬಿಟ್ಟು ಬಂದು, ತನ್ನ ಟೋಪಿ ತೆಗೆದು ತಂದೆಯ ತಲೆಗೆ ಇಟ್ಟ ಅಂತ ಹೇಳುತ್ತಾರೆ. ಅದೇ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಆ ತಲೆಯನ್ನು ಕಡಿದರು. ಈ ಅಪ್ಪ ಮಗನನ್ನು ನಿಮ್ಮ ಒಂದು ಸಾಲಿನಲ್ಲಿ ಎಲ್ಲಿ ಕೂರಿಸುತ್ತೀರಿ ಹೇಳಿ.

ಲಂಡನ್ನಿನ ತಪ್ಪು ಇಲ್ಲ ಅಂತಲ್ಲ. ಕಂಬರ್ಲೆಂಡ್‌ನ ಸೈನಿಕರು ಗಾಯಗೊಂಡು ಬಿದ್ದವರನ್ನೂ ಬಿಡದೆ ಕೊಂದರು. ಗುಡ್ಡಗಾಡಿನ ಗಂಡಸರು ತಮ್ಮ ಉಡುಗೆ ಉಡಬಾರದು ಅಂತ ಸಂಸತ್ತು ಕಾನೂನು ಮಾಡಿತು, ಅದನ್ನು ತೆಗೆದದ್ದು 1782ರಲ್ಲಿ. ಇದನ್ನೆಲ್ಲ ಬರೆಯಿರಿ, ಬರೆಯಲೇಬೇಕು. ಆದರೆ ಮಾಡಿದವರ ಹೆಸರು ಹಿಡಿದು ಬರೆಯಿರಿ.

ಮುಂದಿನ ಸಾಲು ಇನ್ನೂ ಕಷ್ಟ ಕೊಟ್ಟಿತು. ‘ನಂತರ ಅವರನ್ನು ಅವರದೇ ನೆಲದಿಂದ ಓಡಿಸಲಾಯಿತು. ಆ ಜಾಗದಲ್ಲಿ ಕುರಿಗಳನ್ನು ಬಿಡಲಾಯಿತು.’

ಈ ‘ಲಾಯಿತು’ ಕಂಡರೆ ನನಗೆ ಮೈ ಉರಿಯುತ್ತದೆ, ಅದಕ್ಕೊಂದು ಕಾರಣ ಇದೆ. ನನಗೆ ಇಪ್ಪತ್ತಮೂರು ವರ್ಷ, ಒಂದು ಸಣ್ಣ ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದು ಊರಿನ ಕೆರೆ ಬಗ್ಗೆ ವರದಿ ಬರೆದಿದ್ದೆ. ‘ಕೆರೆಯನ್ನು ಒತ್ತುವರಿ ಮಾಡಲಾಗಿದೆ’ ಅಂತ ಶುರು ಮಾಡಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ‘ಯಾರು?’ ಅಂತ ಬರೆದು ಹಾಳೆ ವಾಪಸ್ ಕೊಟ್ಟರು. ನಾನು ‘ಭೂಗಳ್ಳರು’ ಅಂತ ತಿದ್ದಿದೆ. ಮತ್ತೆ ‘ಯಾರು?’ ಅಂತ ಬಂತು. ಮತ್ತೆ ಬಸ್ಸು ಹತ್ತಿ ಹೋಗಿ ಪಹಣಿ ತೆಗೆಸಿ ನೋಡಿದೆ. ಹೊರಗಿನವರು ಇಬ್ಬರೇ. ಉಳಿದ ಒಂಬತ್ತು ಜನ ಅದೇ ಊರಿನವರು. ಹಿಂದಿನ ವಾರ ನನಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿ, ಕೆರೆ ಹೋಯ್ತಲ್ಲ ಮಗಾ ಅಂತ ಕಣ್ಣೊರೆಸಿಕೊಂಡ ಮನೆಯವರೂ ಆ ಒಂಬತ್ತರಲ್ಲಿ ಇದ್ದರು. ಅವತ್ತು ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಆ ಹೆಸರು ಬರೆಯಲೋ ಬೇಡವೋ ಅಂತ ಒದ್ದಾಡಿದ್ದು ಈಗಲೂ ನೆನಪಿದೆ. ಬರೆದೆ.

ಹಾಗಾಗಿ ನಿಮ್ಮನ್ನೂ ಕೇಳುತ್ತೇನೆ. ಯಾರು ಓಡಿಸಿದರು? ಬಹಳ ಕಡೆ ಓಡಿಸಿದ್ದು ಅವರ ಕುಲದ ಒಡೆಯರೇ. ಕುಲಕ್ಕೆ ಅವರು ಹೇಳುವುದು ‘ಕ್ಲಾನ್’, ಗುಡ್ಡಗಾಡಿನವರ ಭಾಷೆಯಾದ ಗೇಲಿಕ್‌ನ ಆ ಮಾತಿಗೆ ಮಕ್ಕಳು ಅಂತ ಅರ್ಥ. ಒಡೆಯ ಕರೆದರೆ ಮಕ್ಕಳು ಕತ್ತಿ ಹಿಡಿದು ಬರಬೇಕು, ಒಡೆಯ ಅವರಿಗೆ ನೆಲ ಕೊಟ್ಟು ಕಾಯಬೇಕು, ಹಳೆಯ ನಂಬಿಕೆ ಇಷ್ಟೇ. ಕಲ್ಲೋಡನ್ ಆದಮೇಲೆ, 1747ರಲ್ಲಿ, ಒಡೆಯರಿಗಿದ್ದ ನ್ಯಾಯ ತೀರ್ಮಾನದ ಅಧಿಕಾರ ಹೋಯಿತು. ಕತ್ತಿ ಹಿಡಿಯುವ ಜನ ಬೇಕಾಗಲಿಲ್ಲ, ಗೇಣಿ ಬೇಕಾಯಿತು. ನೂರು ಬಡ ಒಕ್ಕಲುಗಳಿಗಿಂತ ದಕ್ಷಿಣದಿಂದ ಬಂದ ಒಬ್ಬ ಕುರಿ ಸಾಹುಕಾರ ಜಾಸ್ತಿ ಗೇಣಿ ಕೊಡುತ್ತಿದ್ದ. ಸದರ್ಲೆಂಡ್ ಸೀಮೆಯಲ್ಲಿ 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯನ್ನು ಖಾಲಿ ಮಾಡಿಸಿದ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್ ಸ್ಕಾಟ್ಲೆಂಡಿನವನು. 1816ರಲ್ಲಿ ಅವನ ವಿಚಾರಣೆ ಮಾಡಿ ಖುಲಾಸೆ ಮಾಡಿದ್ದೂ ಸ್ಕಾಟ್ಲೆಂಡಿನದೇ ನ್ಯಾಯಾಲಯ. ಆ ಸೀಮೆಯ ಒಡತಿ ಅಲ್ಲಿನ ಹಳೆಯ ಮನೆತನದ ಮಗಳು, ಹಣ ಅವಳ ಇಂಗ್ಲಿಷ್ ಗಂಡನದು. ಇದು ಸುಲಭದ ಕಥೆಯಲ್ಲ, ಅಲ್ವಾ?

ಒಂದು ಕಿಟಕಿಯ ಬಗ್ಗೆ ಹೇಳುತ್ತೇನೆ. 1845ರ ಮೇ ತಿಂಗಳಲ್ಲಿ ಗ್ಲೆನ್‌ಕಾಲ್ವಿ ಅನ್ನುವ ಕಣಿವೆಯ ಜನರನ್ನು ಜಮೀನ್ದಾರ ರಾಬರ್ಟ್‌ಸನ್, ಅವನ ಪಾರುಪತ್ಯಗಾರ ಗಿಲ್ಯಾಂಡರ್ಸ್ ಹೊರಗೆ ಹಾಕಿದರು. ಇಬ್ಬರೂ ಸ್ಕಾಟರೇ. ಹೋಗಲು ಜಾಗವಿಲ್ಲದ ಕುಟುಂಬಗಳು ಕ್ರೊಯಿಕ್ ಚರ್ಚಿನ ಅಂಗಳದಲ್ಲಿ, ಗೋರಿಗಳ ನಡುವೆ ಮರೆ ಕಟ್ಟಿಕೊಂಡು ಉಳಿದವು. ಅವರಲ್ಲಿ ಯಾರೋ ಚರ್ಚಿನ ಕಿಟಕಿ ಗಾಜಿನ ಮೇಲೆ ಗೀರಿ ಬರೆದರು. ಆ ಗೀರು ಇವತ್ತಿಗೂ ಇದೆ. ಗ್ಲೆನ್‌ಕಾಲ್ವಿ ಜನ ಇಲ್ಲಿದ್ದರು ಅಂತ ಒಂದು ಕಡೆ, ಗ್ಲೆನ್‌ಕಾಲ್ವಿ ಜನ ಪಾಪಿ ಪೀಳಿಗೆ ಅಂತ ಇನ್ನೊಂದು ಕಡೆ. ಮನೆಮಾತು ಗೇಲಿಕ್, ಬರೆದದ್ದು ಇಂಗ್ಲಿಷಿನಲ್ಲಿ. ನೆಲ ಕಳೆದುಕೊಂಡವರು ತಾವೇ ಪಾಪ ಮಾಡಿದ್ದೇವೆ ಅಂದುಕೊಂಡರು. ನಿಮ್ಮ ‘ಓಡಿಸಲಾಯಿತು’ ಅನ್ನುವ ಮಾತಿನಲ್ಲಿ ಈ ಕಿಟಕಿ ಹಿಡಿಸುವುದಿಲ್ಲ.

ಇನ್ನೊಂದು ಸಾಲು. ‘ನಮ್ಮ ಹಾಗೇ ಅವರೂ ಇಂಗ್ಲಿಷರ ಗುಲಾಮರಾಗಿದ್ದವರು.’ ಇದನ್ನು ಓದಿ ಹಾಳೆ ಕೆಳಗಿಟ್ಟೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಒಡೆದ ಕೋಟೆಗೆ ದಾಳಿಯ ಮುಂದಾಳಾಗಿ ನುಗ್ಗಿದವನು ಡೇವಿಡ್ ಬೇರ್ಡ್, ಸ್ಕಾಟ್ಲೆಂಡಿನವನು. ಅದೇ ಊರಿನ ಸೆರೆಯಲ್ಲಿ ಹಿಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದವನು. ಅವನ ಜೊತೆ ಕಾವೇರಿ ದಾಟಿದವರಲ್ಲಿ ಹೈಲ್ಯಾಂಡ್, ಅಂದರೆ ಅದೇ ಗುಡ್ಡಗಾಡಿನ, ರೆಜಿಮೆಂಟುಗಳ ಸೈನಿಕರಿದ್ದರು. ಆಮೇಲೆ ಕೆನರಾದಲ್ಲಿ ಕಂದಾಯ ಗೊತ್ತು ಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿದವನು, ನೀವು ಓದಿದ ಊರು. ಮೈಸೂರು ಸೀಮೆ ಅಳೆದ, ನಾವು ಈಗಲೂ ಊರೂರ ಕೈಫಿಯತ್ತುಗಳಿಗಾಗಿ ತಿರುವಿ ಹಾಕುವ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು, ಗೇಲಿಕ್ ಸೀಮೆಯವನು. ಆ ಕಾಲದಲ್ಲಿ ಎಷ್ಟೋ ಒಕ್ಕಲು ಮನೆಗಳಲ್ಲಿ ಮಗ ಸೈನ್ಯಕ್ಕೆ ಸೇರಿದರೆ ಅಪ್ಪನ ನೆಲ ಉಳಿಯುತ್ತದೆ ಅಂತ ಒಡೆಯರು ಮಾತು ಕೊಡುತ್ತಿದ್ದರು. ನೆಲ ಉಳಿಸಿಕೊಳ್ಳಲು ಸೈನಿಕನಾದ ಹುಡುಗ ಇನ್ನೊಬ್ಬರ ನೆಲ ಗೆಲ್ಲಲು ಇಲ್ಲಿಗೆ ಬಂದ. ಕನ್ನಡದಲ್ಲಿ ಸ್ಕಾಟ್ಲೆಂಡ್ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ‘ನಮ್ಮ ಹಾಗೇ’ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಕೊನೆಯ ಪುಟದಲ್ಲಿ ‘2014ರಲ್ಲಿ ಸ್ವಾತಂತ್ರ್ಯ ಕೈತಪ್ಪಿತು’ ಅಂದಿದ್ದೀರಿ. ಮತ್ತದೇ, ಮಾಡಿದವರಿಲ್ಲದ ವಾಕ್ಯ. ಬ್ರಿಟನ್ನಿನಿಂದ ಬೇರೆಯಾಗಬೇಕೇ ಅಂತ ಅವತ್ತು ಸ್ಕಾಟ್ಲೆಂಡಿನಲ್ಲಿ ಜನಮತ ಕೇಳಿದ್ದರು. ಮತ ಹಾಕಿದವರಲ್ಲಿ ನೂರಕ್ಕೆ 55 ಜನ ಬೇಡ ಅಂದರು, 45 ಜನ ಬೇಕು ಅಂದರು. ಅಷ್ಟೇ ಅಲ್ಲ, ಅಲ್ಲಿ ವಾಸವಿದ್ದವರಿಗೆ ಮತ ಇತ್ತು, ಹದಿನಾರು ವರ್ಷದವರಿಗೂ ಇತ್ತು. ಲಂಡನ್ನಿಗೆ ಹೋಗಿ ನೆಲೆಸಿದ ಸ್ಕಾಟ್‌ಗೆ ಇರಲಿಲ್ಲ. ಗ್ಲಾಸ್ಗೋದಲ್ಲಿದ್ದ ಪೋಲೆಂಡಿನವನಿಗೆ ಇತ್ತು. ಕಾಮನ್‌ವೆಲ್ತ್ ದೇಶದವರು ಅಂತ ಅಲ್ಲಿ ನೆಲೆಸಿದ್ದ ನಮ್ಮವರಿಗೂ ಇತ್ತು. ‘ಅವರ ರಕ್ತದಲ್ಲೇ ಛಲ ಇದೆ’ ಅಂತ ಮುಗಿಸಿದ್ದೀರಲ್ಲ, ಆ ಜನ ತಮ್ಮ ನಾಡಿನ ಬಗ್ಗೆ ತೀರ್ಮಾನ ಮಾಡಲು ಕೂತಾಗ ರಕ್ತವನ್ನು ಕೇಳಲೇ ಇಲ್ಲ, ವಿಳಾಸ ಕೇಳಿದರು. ಈ ಒಂದು ಸಂಗತಿಯ ಮೇಲೇ ನೀವು ಎರಡು ಪುಟ ಬರೆಯಬಹುದು.

ಲೇಖನ ಬಿಸಾಡಬೇಡಿ. ನಿಮ್ಮ ಮನೆಯ ಯಜಮಾನಿ ‘ನಮ್ಮಜ್ಜಿಗೆ ಗೇಲಿಕ್ ಬರುತ್ತಿತ್ತು, ನಮಗೆ ಕಲಿಸಲಿಲ್ಲ’ ಅಂದಿದ್ದನ್ನು ಮೂರು ಸಾಲಿಗೇ ಬಿಟ್ಟಿದ್ದೀರಿ. ಅವರ ಜೊತೆ ಇನ್ನೂ ಮಾತು ಇದ್ದರೆ ಒಂದು ಫೋನ್ ಮಾಡಿ. ಅಜ್ಜಿ ಯಾವ ಊರಿನವರು, ಆ ಊರು ಬಿಟ್ಟು ಗ್ಲಾಸ್ಗೋಗೆ ಯಾಕೆ ಬಂದರು, ಮಕ್ಕಳ ಮುಂದೆ ಗೇಲಿಕ್ ಆಡಬೇಡ ಅಂತ ಅಜ್ಜಿಗೆ ಯಾರು ಹೇಳಿದರು ಅಂತ ಕೇಳಿ. ಉತ್ತರ ಬಂದಮೇಲೆ ನನಗೆ ಮತ್ತೆ ಕಳಿಸಿ, ನಾನೇ ಓದುತ್ತೇನೆ.